ಅಲುಗಾಡ್ತಿದ್ದಾನೆ ಅಂದ್ರೆ ಬದುಕಿದ್ದಾನೆ

ಢಬ್!

ಬೆನ್ನ ಹಿಂದೆ ಬಾಗಿಲು ಮುಚ್ಚಿತು.

ಗೇಣು ದಪ್ಪದ ಬಾಗಿಲು, ಸಾರ್. ಮೈನಸ್ ಇಪ್ಪತ್ತು ಡಿಗ್ರಿಯ ಕೋಲ್ಡ್ ಸ್ಟೋರೇಜ್. ಮೈಮೇಲೆ ಒಂದು ತೆಳ್ಳನೆ ಅಂಗಿ. ಕಾಲ ಹತ್ತಿರ ಒಂದು ಹೆಣ!

ಒಳಗಿನ ಹ್ಯಾಂಡಲ್‌ಗೆ ಕೈ ಹಾಕಿದೆ... ಹ್ಯಾಂಡಲ್ಲೇ ಇರಲಿಲ್ಲ. ಅದಿದ್ದ ಜಾಗದಲ್ಲಿ ಎರಡು ತೂತು. ಸುತ್ತಲೂ ಹೆಪ್ಪುಗಟ್ಟಿದ ರಕ್ತ. ಸತ್ತವನು ಉಗುರು ಕಿತ್ತು ಬರುವವರೆಗೆ ಕೆರೆದಿದ್ದ.

ಮೊಬೈಲ್ ತೆಗೆದೆ. ನೆಟ್‌ವರ್ಕ್ ಇಲ್ಲ.

"ಏಯ್! ಬಾಗಿಲು ತೆಗಿಯೋ!"

ಗೋಡೆಯಲ್ಲಿ ಪೈಪ್ ಹಾಯುವ ಸಂದಿಯಿಂದ ದನಿ ಬಂತು. ಅಲ್ಲಿನ ಸೂಪರ್‌ವೈಸರ್‌ದು.

"ಸುಮ್ನೆ ಯಾಕೆ ಕೂಗ್ತೀರಾ ಸಾಹೇಬ್ರೇ? ಇವತ್ತು ರಜೆ. ಶೆಡ್‌ನಲ್ಲಿ ನೊಣಾನೂ ಇಲ್ಲ."

ನಾನು ಅಲ್ಲಿಗೆ ಯಾಕೆ ಹೋದೆ ಅಂತ ಕೇಳ್ತೀರಾ? ಹೇಳ್ತೀನಿ. ಬೆಳಿಗ್ಗೆ ನನ್ನ ಪತ್ತೇದಾರಿ ಆಫೀಸಿಗೆ ಒಬ್ಬ ಹೆಂಗಸು ಬಂದಿದ್ದರು. ಹೊಲಿಗೆ ಕೆಲಸದವರು, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

"ಅಣ್ಣಾ, ನಿನ್ನೆ ಡ್ಯೂಟಿಗೆ ಹೋದ ನನ್ನ ತಮ್ಮ ಬಂದಿಲ್ಲ. ಕಂಪ್ನಿಗೆ ಫೋನ್ ಮಾಡಿದ್ರೆ, ಒಳಗೇ ಓಡಾಡ್ತಿದ್ದಾನೆ, ಆರಾಮಾಗಿದ್ದಾನೆ ಅಂತಾರೆ. ಅವನು ಊಟಕ್ಕೆ ಬರದೇ ಇರೋನಲ್ಲ. ಹಾಲು ಕುಡಿಯೋ ಕೂಸಿಂದ ಸಾಕಿದೀನಿ, ನಂಗೊತ್ತಿಲ್ವಾ?"

ಆ ಕಂಪ್ನಿಯಲ್ಲಿ ಒಬ್ಬಂಟಿಯಾಗಿ ಕೆಲಸ ಮಾಡುವವರಿಗೆ ಒಂದು ಬ್ಯಾಡ್ಜು ಕೊಡುತ್ತಾರೆ. ಎದೆಗೆ ಸಿಕ್ಕಿಸಿಕೊಳ್ಳಬೇಕು. ಎರಡು ನಿಮಿಷ ಅಲುಗಾಡದಿದ್ದರೆ ಅದು ಕಿರುಚುತ್ತದೆ, ಕೋಲ್ಡ್ ಸ್ಟೋರೇಜಿನ ಒಳಗೂ ಕೂರಿಸಿರುವ ಆಂಟೆನಾ ಮೂಲಕ ದೂರದ ಕಂಟ್ರೋಲ್ ರೂಮಿನಲ್ಲಿ ಕೆಂಪು ದೀಪ ಹತ್ತುತ್ತದೆ. ಅಲುಗಾಡುತ್ತಿದ್ದರೆ ಹಸಿರು. ಅಲುಗಾಡ್ತಿದ್ದಾನೆ ಅಂದ್ರೆ ಬದುಕಿದ್ದಾನೆ... ಅಷ್ಟೇ ಅವರ ಲೆಕ್ಕ!

ಅಕ್ಕನನ್ನು ಗೇಟಿನ ಹತ್ತಿರ ನಿಲ್ಲಿಸಿ ಶೆಡ್ಡಿಗೆ ನುಗ್ಗಿದೆ. ಆಫೀಸ್ ರೂಮಿನಲ್ಲಿ ಟೇಬಲ್ ಫ್ಯಾನ್ ತಿರುಗುತ್ತಿತ್ತು. ಎಡಕ್ಕೆ, ಬಲಕ್ಕೆ... ಎಡಕ್ಕೆ, ಬಲಕ್ಕೆ. ಅದರ ಕತ್ತಿಗೆ ಅಂಟು ಟೇಪು ಸುತ್ತಿ ತಮ್ಮನ ಬ್ಯಾಡ್ಜು ಕಟ್ಟಿದ್ದರು.

ಬ್ಯಾಡ್ಜು ಕಿತ್ತು ಜೇಬಿಗೆ ಹಾಕಿಕೊಂಡೆ. ಕೋಲ್ಡ್ ಸ್ಟೋರೇಜ್ ತೆಗೆದು ಒಳಗೆ ಓಡಿದೆ. ಬಟಾಣಿ ಪೆಟ್ಟಿಗೆಗಳ ಸಂದಿಯಲ್ಲಿ ಹುಡುಗ ಮುದುಡಿಕೊಂಡು ಬಿದ್ದಿದ್ದ. ಬಾಗಿ ಮುಟ್ಟಿದೆ. ಮರಗಟ್ಟಿದ್ದ.

ಅಷ್ಟರಲ್ಲಿ... ಢಬ್!

"ನಾನೇನು ಅವನನ್ನ ಕೊಂದಿಲ್ಲ!" ಸಂದಿಯಿಂದ ಸೂಪರ್‌ವೈಸರ್ ಅಂದ. "ಬಾಗಿಲು ತಾನಾಗೇ ಹಾಕ್ಕೊಳ್ತು."

"ಹ್ಯಾಂಡಲ್ ಎಲ್ಲೋ?"

"ಮುರಿದಿತ್ತು. ಹಾಕ್ಸೋಣ ಅಂತಿದ್ದೆ."

"ಬ್ಯಾಡ್ಜು ಫ್ಯಾನಿಗೆ ಯಾಕೆ ಕಟ್ಟಿದೆ?"

"ಕೂತ್ರೆ ಸಾಕು, ಕಿರುಚ್ತಿತ್ತು ದರಿದ್ರದ್ದು! ಹೆಡ್ ಆಫೀಸ್‌ನೋರು ನಂಗೆ ಉಗೀತಿದ್ರು. ಎಲ್ರಿಗೂ ಹಾಗೇ ಕಟ್ಟೋಕೆ ಹೇಳಿದ್ದೆ."

"ಬಾಗಿಲು ಬಡಿದಿರ್ತಾನೆ. ಕೇಳಿಸ್ಲಿಲ್ವಾ?"



"ಕೇಳಿಸ್ತು. ಹ್ಯಾಂಡಲ್ ಹಾಕ್ಸಿ ಅಂತ ಎಲ್ರೆದುರಿಗೆ ನನ್ಮೇಲೆ ಜೋರು ಮಾಡಿದ್ದ. ಸ್ವಲ್ಪ ಬುದ್ಧಿ ಬರ್ಲಿ ಅಂತ ಬಿಟ್ಟು ಟೀ ಕುಡಿಯೋಕೆ ಹೋದೆ. ಆಮೇಲೆ... ಮರೆತೋಯ್ತು."

ಮರೆತೋಯ್ತಂತೆ! ಒಲೆ ಮೇಲೆ ಹಾಲಿಟ್ಟು ಮರೆಯೋ ಹಾಗೆ!

ಕಿವಿ ಉರಿಯತೊಡಗಿತು. ಬೆರಳು ಮಡಿಸಲು ಬರಲಿಲ್ಲ. ಹಲ್ಲು ಕಟಕಟ. ಕುಣಿದೆ, ಕುಪ್ಪಳಿಸಿದೆ, ಕೈ ಬೀಸಿದೆ.

ಆಗ ಹೊಳೆಯಿತು. ನಾನು ಕುಣಿಯುತ್ತಿದ್ದೇನೆ... ಜೇಬಿನಲ್ಲಿ ಬ್ಯಾಡ್ಜೂ ಕುಣಿಯುತ್ತಿದೆ! ಕಂಟ್ರೋಲ್ ರೂಮಿನವರು ಹಸಿರು ದೀಪ ನೋಡಿಕೊಂಡು ಆಕಳಿಸುತ್ತಿರುತ್ತಾರೆ!

ಬ್ಯಾಡ್ಜು ತೆಗೆದು ನೆಲದ ಮೇಲಿಟ್ಟೆ. ಮುಟ್ಟಲಿಲ್ಲ.

ಕೀಂ... ಕೀಂ... ಕೀಂ!

ಹೊರಗೆ ಸೂಪರ್‌ವೈಸರ್ ಫೋನು ರಿಂಗಾಯಿತು.

"ಏನೂ ಇಲ್ಲ ಸಾರ್, ಫಾಲ್ಸ್ ಅಲಾರಂ... ಅಯ್ಯೋ ಬೇಡ ಸಾರ್! ಈಗ್ಲೇ ಆಫ್ ಮಾಡ್ತೀನಿ!"

ಆಫೀಸ್ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದನ್ನು ನಾನೂ ಓದಿದ್ದೆ. ಬ್ಯಾಡ್ಜಿನ ಗುಂಡಿ ಒತ್ತಿದರೆ ಮಾತ್ರ ಅದು ನಿಲ್ಲುತ್ತದೆ. ನಿಲ್ಲಿಸದಿದ್ದರೆ ಫೈರ್ ಎಂಜಿನ್, ಪೊಲೀಸು ಎಲ್ಲಾ ಬರುತ್ತದೆ.

"ಅದನ್ನ ನಿಲ್ಸು!" ಅವನು ಅರಚಿದ.

"ನೀನೇ ಬಂದು ನಿಲ್ಸು!"

ಬಟಾಣಿ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಬಾಗಿಲ ಮಗ್ಗುಲಲ್ಲಿ ನಿಂತೆ. ಕಲ್ಲಾಗಿತ್ತು ಅದು. ನನ್ನ ಕೈಯೂ ಹೆಚ್ಚು ಕಡಿಮೆ ಹಾಗೇ.

ಬಾಗಿಲು ತೆರೆಯಿತು. ಮೊದಲು ಬಂದಿದ್ದು ಪೆಟ್ಟಿಗೆ ಎಳೆಯುವ ಕಬ್ಬಿಣದ ಕೊಕ್ಕೆ. ಆಮೇಲೆ ಅವನು.

ಬೀಸಿದ! ಕೊಕ್ಕೆ ನನ್ನ ಹೆಗಲು ಸೀಳಿತು. ಪೆಟ್ಟಿಗೆಯನ್ನು ಅವನ ಮುಖಕ್ಕೇ ಅಪ್ಪಳಿಸಿದೆ. ಮೂಗು ಮುರಿದ ಸದ್ದು ಚೆನ್ನಾಗಿ ಕೇಳಿಸಿತು. ಅವನು ಮುಗ್ಗರಿಸಿ ಹೆಣದ ಮೇಲೆ ಬಿದ್ದ. ನಾನು ಬ್ಯಾಡ್ಜು ಎತ್ತಿಕೊಂಡು ಹೊರಗೆ ಹಾರಿದೆ.

ಢಬ್!

ಗುಂಡಿ ಒತ್ತಿದೆ. ಕಿರುಚಾಟ ನಿಂತಿತು. ಹೌದು ಸಾರ್, ಬೇಕಂತಲೇ ಒತ್ತಿದೆ. ಇನ್ನು ಫೈರ್ ಎಂಜಿನ್ ಬರುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು.

ತಿರುಗಿದರೆ ಅಕ್ಕ ನಿಂತಿದ್ದರು. ಗೇಟಿನಲ್ಲಿ ನಿಲ್ಲಲಾಗದೆ ಬಂದುಬಿಟ್ಟಿದ್ದರು.

"ತಮ್ಮ ಎಲ್ಲಣ್ಣಾ?"

"ಒಳಗಿದ್ದಾನಮ್ಮಾ."

"ಉಸಿರು?"

ಇಲ್ಲವೆಂದು ತಲೆಯಾಡಿಸಿದೆ. ಅವರು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆ ಹಿಡಿದರು. ನಡೆದಿದ್ದನ್ನೆಲ್ಲ ಹೇಳಿದೆ. ಹ್ಯಾಂಡಲ್, ಫ್ಯಾನು, ಟೀ... ಏನನ್ನೂ ಮುಚ್ಚಿಡಲಿಲ್ಲ.

ಒಳಗಿಂದ ಬಡಿತ ಶುರುವಾಯಿತು. ಧಬ ಧಬ ಧಬ!

"ತೆಗೀರಿ! ನಿಮ್ಮ ಕಾಲಿಗೆ ಬೀಳ್ತೀನಿ! ಮಕ್ಕಳೊಂದಿಗ ನಾನು!"

ನನ್ನ ಕೈ ಹಿಡಿಕೆಯ ಮೇಲೆ ಹೋಯಿತು. ಎಷ್ಟಾದರೂ ಮನುಷ್ಯ ತಾನೇ ನಾನೂ.

"ತಮ್ಮನ್ನ ಆಚೆ ತರೋಣ್ವಾ ಅಮ್ಮಾ? ಇವನನ್ನ ಪೊಲೀಸಿಗೆ ಕೊಡೋಣ."

"ತಡೀರಿ ಅಣ್ಣಾ." ಅವರು ಬಾಗಿಲಿಗೆ ಕಿವಿಯಾನಿಸಿದರು. "ನನ್ನ ತಮ್ಮನೂ ಹೀಗೇ ಬಡಿದಿರ್ತಾನೆ ಅಲ್ವಾ?"

"ಹೂಂ."

"ಎಷ್ಟು ಹೊತ್ತು ಬಡಿದಿರ್ತಾನೆ?"

"ಗೊತ್ತಿಲ್ಲಮ್ಮಾ."

"ನಂಗೆ ಗೊತ್ತಾಗ್ಬೇಕು."

ನಾನು ಆಫೀಸ್ ರೂಮಿಗೆ ಹೋಗಿ ಅವರಿಗೊಂದು ಕುರ್ಚಿ ತಂದುಕೊಟ್ಟೆ.