ಸುಟ್ಟ ಕಬ್ಬಿನ ಹೊಲದಲ್ಲಿ ಮೊದಲ ದೃಶ್ಯ

"ಆಯಿ, ಇತ್ತಾಗ ನೋಡ್ರಿ... ಸ್ವಲ್ಪ ನಗ್ರಿ."

ಕ್ಯಾಮೆರಾದ ಹಿಂದಿನಿಂದ ಬಂದ ಮಾತಿಗೆ ಎಪ್ಪತ್ತರ ತಾರವ್ವ ಸೆರಗು ಸರಿಮಾಡಿಕೊಂಡು, ಇದ್ದ ನಾಲ್ಕು ಹಲ್ಲೂ ಕಾಣುವಂತೆ ನಕ್ಕಳು. ಪಕ್ಕದಲ್ಲಿ ನಿಂತು ದೃಶ್ಯ ನಿರ್ದೇಶಿಸುತ್ತಿದ್ದ ಜಾಸ್ಮಿನಳ ಮೈಯೆಲ್ಲ ಉರಿದುಹೋಯಿತು.

"ನಿಲ್ಲಸ್ರಿ. ಜಗತ್ತಿನ್ಯಾಗ ಹನಿ ನೀರಿಲ್ಲ, ಆಯಿ ಖಾಲಿ ಕೊಡ ಹಿಡಕೊಂಡ ನಡದಾಳ. ನಗೋದ್ ಎದಕ್ರಿ?"

ಕ್ಯಾಮೆರಾದವನು ತಲೆ ಎತ್ತಿದ. ಅಥಣಿಯ ಆಸಿಮ, ಆರು ವರ್ಷದಿಂದ ಬರೀ ಮದುವೆಗಳನ್ನೇ ಚಿತ್ರೀಕರಿಸಿದವನು.

"ರೂಢಿರಿ... ಬಾಯಿಗಿ ಬಂದ ಬಿಡತೈತಿ" ಎಂದು ತಾನೂ ನಕ್ಕ.

ಆ ನಗು ಚೆನ್ನಾಗಿತ್ತು. ಜಾಸ್ಮಿನಳಿಗೆ ಇನ್ನಷ್ಟು ಸಿಟ್ಟು ಬಂದದ್ದು ಅದಕ್ಕೇ.

ಪುಣೆಯ ಸಿನಿಮಾ ಶಾಲೆಯೊಂದಕ್ಕೆ ಅವಳು ಅರ್ಜಿ ಹಾಕಿದ್ದಳು. ಒಂದು ಸಿನಿಮಾದ ಮೊದಲ ದೃಶ್ಯವನ್ನು ತೆಗೆದು ಕಳಿಸಬೇಕು, ಮೂರೇ ನಿಮಿಷ. ಶುಕ್ರವಾರ ಸಂಜೆ ಐದಕ್ಕೆ ಗಡುವು. ಅವಳ ಕಥೆ ನಡೆಯುವುದು ಇಂದಿನಿಂದ ಅರವತ್ತು ವರ್ಷದ ನಂತರ. ಕೃಷ್ಣೆ ಬತ್ತಿಹೋಗಿದ್ದಾಳೆ, ಅವಳ ಊರಾದ ಉಗಾರ ಬುದ್ರುಕದಲ್ಲಿ ಉಳಿದಿರುವುದು ಒಬ್ಬಳೇ ಮುದುಕಿ.

ಕಬ್ಬು ಕಡಿದು ಮುಗಿದಿತ್ತು. ಎಲ್ಲರೂ ಹೊಲದಲ್ಲಿ ಬಿದ್ದ ಒಣ ಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚಿದ್ದರು. ಸುಡದೆ ಉಳಿದಿದ್ದು ತಾರವ್ವನ ಒಂದೆಕರೆ ಮಾತ್ರ. ಅದನ್ನು ಸುಡುವುದು ಗುರುವಾರ, ಇಂದಿನದು ಬರೀ ತಾಲೀಮು. ಒಮ್ಮೆ ಸುಟ್ಟರೆ ಮುಗಿಯಿತು, ದೃಶ್ಯಕ್ಕೆ ಬೇಕಾದ ಆ ಹೊಗೆ ಮತ್ತೆ ಸಿಗುವುದಿಲ್ಲ.

ಬದುವಿನ ಮೇಲೆ ಚಹಾ ಕುಡಿಯುತ್ತ ಆಸಿಮ ಕೇಳಿದ.

"ಅಲ್ರಿ, ಮಾರಿ ತೋರಸ್ಲಾರದ ದುಃಖ ಹೆಂಗ್ ಗೊತ್ತಾಗತೈತಿ?"

"ದೂರದಿಂದ ಹಿಡೀರಿ. ಮ್ಯಾಲೆ ಮುಕ್ಕಾಲು ಬರೇ ಆಕಾಶ, ಕೆಳಗ ಕರಿ ನೆಲ, ನಡುವ ಆಯಿ ಇರುವಿಯಷ್ಟ ಕಾಣಬೇಕು. ಕ್ಯಾಮೆರಾ ಅಲಗಾಡಬಾರ್ದು. ಯಾರರ ಬಂದು ಆಕೀನ್ನ ಮಾತಾಡಸ್ಲಿ ಅಂತ ನೋಡಾವ್ರಿಗೆ ಅನ್ನಸಬೇಕು... ಆದ್ರ ಯಾರೂ ಬರಬಾರ್ದು."

"ಹಾಡು?"

"ಇಲ್ಲ. ಸುಟ್ಟ ಕಬ್ಬಿನ ಕೂಳಿ ಮ್ಯಾಲೆ ಕಾಲಿಟ್ಟ ಸಪ್ಪಳ ಅಷ್ಟ."

ಅವನು ಕಣ್ಣು ಕಿರಿದು ಮಾಡಿ ಸೂರ್ಯನತ್ತ ನೋಡಿದ.

"ಹಂಗಾದ್ರ ಮುಂಜಾನಿ ಬಿಸಿಲು ಬ್ಯಾಡ್ರಿ. ಆ ಬಿಸಿಲಿಗೆ ಎಲ್ಲಾರೂ ಮದುಮಗಳು ಕಂಡಂಗ ಕಾಣ್ತಾರ. ನಡು ಮಧ್ಯಾಹ್ನ ಹೊಗಿ ಒಳಗ ಹಿಡಿಯೂಣು. ಸೂರ್ಯಾಗ ಜೀವಾನ ಇಲ್ಲ ಅನ್ನಸತೈತಿ. ಬಣ್ಣ ಎಲ್ಲಾ ಬೂದಿ ಆಗತೈತಿ."

ಜಾಸ್ಮಿನ ಲೋಟ ಕೆಳಗಿಟ್ಟಳು. ಇವನಿಗೆ ತಿಳಿಯುತ್ತದೆ... ಮನೆಯಲ್ಲಿ ಯಾರಿಗೂ ತಿಳಿಯದ್ದು ಇವನಿಗೆ ತಿಳಿಯುತ್ತದೆ! ಅವಳಿಗೆ ಖುಷಿಯಾಯಿತು, ಅದನ್ನು ತೋರಿಸಿಕೊಳ್ಳಲಿಲ್ಲ ಅಷ್ಟೆ. ಇಬ್ಬರ ಮನೆಯಲ್ಲೂ ಉರ್ದುವೇ, ಆದರೂ ಜಗಳ ಶುರುವಾದ ಕನ್ನಡದಲ್ಲೇ ಇಬ್ಬರೂ ಮುಂದುವರಿದಿದ್ದರು.

ಗುರುವಾರ ಮಧ್ಯಾಹ್ನ ಉರಿ ಇಳಿದ ಮೇಲೆ ತಾರವ್ವ ಕೊಡ ಹಿಡಿದು ಹೊಲಕ್ಕಿಳಿದಳು. ಸಪ್ಪಳ ದಾಖಲಾಗುತ್ತಿದ್ದರಿಂದ ಕೂಗುವಂತಿಲ್ಲ. ಜಾಸ್ಮಿನ ದೂರದ ಬದುವಿನ ಮೇಲೆ ನಿಂತು, ದುಪಟ್ಟಾ ಬೀಸಿ ದಾರಿ ತೋರಿಸಿದಳು. ತಲೆಯ ಮೇಲೆ ಬೂದಿ, ಕಣ್ಣಲ್ಲಿ ನೀರು, ಮನಸ್ಸಿನ ತುಂಬ ಸಂತೋಷ.

ಅಷ್ಟರಲ್ಲಿ ಹೊಗೆಯ ಆಚೆ ಆಸಿಮ ಕಂಡ. ಕ್ಯಾಮೆರಾ ಕೈಯಲ್ಲಿ ಹಿಡಿದು ತಿರುಗಾಡುತ್ತಿದ್ದ! ಅವಳ ಎದೆ ಧಸಕ್ಕೆಂದಿತು.

ಮುಗಿದ ಕೂಡಲೇ ಅವನು ಓಡಿಬಂದು ಒಂದು ಮೆಮೊರಿ ಕಾರ್ಡನ್ನು ಅವಳ ಕೈಗಿಟ್ಟ. "ಎಲ್ಲಾ ಇದ್ರಾಗ ಐತ್ರಿ. ರಾಯಬಾಗದಾಗ ನಿಕಾಹ್ ಐತಿ, ತಡಾ ಆಗೇತಿ" ಎಂದವನೇ ಬೈಕ್ ಹತ್ತಿ ಹೋದ.

ಮನೆಗೆ ಬಂದು ನೋಡಿದರೆ ಕಾರ್ಡಿನಲ್ಲಿ ತಾರವ್ವನೇ ಇಲ್ಲ.

ಇದ್ದದ್ದು ಜಾಸ್ಮಿನ. ದುಪಟ್ಟಾ ಬೀಸುವ ಜಾಸ್ಮಿನ, ಕಣ್ಣೊರೆಸಿಕೊಳ್ಳುವ ಜಾಸ್ಮಿನ, ತನ್ನಷ್ಟಕ್ಕೆ ನಗುವ ಜಾಸ್ಮಿನ... ಹನ್ನೊಂದು ನಿಮಿಷ, ಅವಳೊಬ್ಬಳೇ.

ಒಂದು ಕ್ಷಣ ಅವಳ ಉಸಿರು ನಿಂತಿತು. ತನ್ನನ್ನು ಯಾರೂ ಹೀಗೆ ನೋಡಿರಲಿಲ್ಲ. ಮರುಕ್ಷಣವೇ ಗಡುವು ನೆನಪಾಯಿತು. ಹೊಲ ಸುಟ್ಟುಹೋಗಿದೆ, ನಾಳೆಯೇ ಕೊನೆಯ ದಿನ. 'ನನ್ನ ಕನಸು ಅವನಿಗೆ ಹುಡುಗಾಟವೇ?'

ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಶುಕ್ರವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹೊತ್ತು ಅಥಣಿಯ ಅವನ ಸ್ಟುಡಿಯೋಕ್ಕೇ ಹೋದಳು. ಆಗಷ್ಟೇ ಬಾಗಿಲು ತೆರೆದಿದ್ದ ಅವನ ಮೇಜಿನ ಮೇಲೆ ಕಾರ್ಡ್ ಇಟ್ಟಳು.

"ತಗೋರಿ. ನಿಮ್ಮ ಆಟದಾಗ ನನ್ನ ಪುಣೆ ಹೋತು."

ಆಸಿಮ ಕಾರ್ಡ್ ನೋಡಿದ. ಅವನ ಕಿವಿಗಳು ಕೆಂಪಾದವು.

"ಇದನ್ನ ಕೊಟ್ಟೆನೇನ್ರಿ ನಾ?"

ಗಡಬಡಿಸಿ ಚೀಲ ಬಿಚ್ಚಿ ಇನ್ನೊಂದು ಕಾರ್ಡ್ ತೆಗೆದ.

"ಮದುವ್ಯಾಗ ನಾವು ಯಾವಾಗ್ಲೂ ಎರಡ ಕ್ಯಾಮೆರಾ ಇಡ್ತೇವ್ರಿ. ಒಂದು ಸ್ಟೇಜಿನ ಮುಂದ ಸ್ಟ್ಯಾಂಡಿಗೆ ಹಚ್ಚಿ ಬಿಡೂದು, ಮುಗಿಯೋತನ ಯಾರೂ ಮುಟ್ಟಂಗಿಲ್ಲ. ನಿನ್ನೆ ಅದು ಬೇವಿನ ಗಿಡದ ಬುಡಕ್ಕಿತ್ತು. ಹೊಗ್ಯಾಗ ನಿಮಗ ಕಂಡಿಲ್ಲ. ಇನ್ನೊಂದು ಕೈಯಾಗ..."

ಮಾತು ಅಲ್ಲಿಗೇ ಬಿಟ್ಟು ಅವನು ಆ ಕಾರ್ಡನ್ನು ಅವಳ ಲ್ಯಾಪ್‌ಟಾಪಿಗೆ ಹಾಕಿದ. ಪರದೆಯ ಮೇಲೆ ದೃಶ್ಯ ಶುರುವಾಯಿತು.

ಬಿಳಚಿದ ಆಕಾಶ, ಕರೀ ನೆಲ. ನಡುವೆ ಚುಕ್ಕಿಯಂತೆ ಒಂದು ಜೀವ ನಡೆಯುತ್ತಿದೆ. ಕೂಳೆ ಮುರಿಯುವ ಸಪ್ಪಳ ಬಿಟ್ಟರೆ ಜಗತ್ತೇ ಮೂಕ. ಕ್ಯಾಮೆರಾ ಕದಲುವುದಿಲ್ಲ, ಅವಳ ನೆರವಿಗೆ ಯಾರೂ ಬರುವುದಿಲ್ಲ. ಕೊನೆಗೆ ತಾರವ್ವ ನಿಂತು ಖಾಲಿ ಕೊಡದೊಳಗೆ ಇಣುಕಿ ನೋಡುತ್ತಾಳೆ. ಮುಖ ಕಾಣದಿದ್ದರೂ, ಓಡಿಹೋಗಿ ಅವಳನ್ನು ಮಾತಾಡಿಸಬೇಕೆಂದು ಜಾಸ್ಮಿನಳಿಗೆ ಅನ್ನಿಸಿತು. ಅವಳು ಕನಸಿನಲ್ಲಿ ಕಂಡದ್ದು ಇದೇ, ಹೀಗೇ.

ಇಬ್ಬರೂ ಕೂತು ಹಿಂದೆ ಮುಂದೆ ಕತ್ತರಿಸಿ ಮೂರು ನಿಮಿಷಕ್ಕೆ ಇಳಿಸಿದರು. ನಾಲ್ಕೂವರೆಗೆ ದೃಶ್ಯ ಪುಣೆಗೆ ಹೋಯಿತು.

"ಬೈದೆ... ತಪ್ಪಾತ್ರಿ" ಎಂದಳು ಮೆತ್ತಗೆ.

"ತಪ್ಪು ನಂದೂ ಐತ್ರಿ. ಕೇಳಲಾರದ ನಿಮ್ಮನ್ನ ತೆಗದೆ. ಬ್ಯಾಡಂದ್ರ ಈಗ ಅಳಸ್ತೀನಿ."

"ಯಾಕ ತೆಗದ್ರಿ?"

ಆಸಿಮ ಮೇಜನ್ನೇ ನೋಡುತ್ತ ಹೇಳಿದ. "ಮದುವ್ಯಾಗ ಯಾರನ್ನ ಹಿಡೀಬೇಕಂತ ಎಲ್ಲಾರೂ ಹೇಳ್ತಿರ್ತಾರ. ಮಾವನ್ನ ಹಿಡಿ, ಅತ್ತೀನ್ನ ಹಿಡಿ... ನಿನ್ನೆ ಹೇಳಾವ್ರು ಯಾರೂ ಇರಲಿಲ್ಲ. ನನ್ನ ಮನಸಿಗೆ ಬೇಕಾದವ್ರನ್ನ ನೋಡಿದೆ. ನೀವಂದ್ರ ನನಗ ಭಾಳ ಇಷ್ಟರಿ."

ಜಾಸ್ಮಿನ ಲ್ಯಾಪ್‌ಟಾಪ್ ಮುಚ್ಚಿದಳು.

"ನಾ ಪುಣೆಕ ಹೋದ್ರ ಮೂರ ವರ್ಷ ಬರೂದಿಲ್ರಿ."

"ಗೊತ್ತೈತ್ರಿ. ಹೋಗಬೇಕು ನೀವು. ಅದಕ್ಕ ಆ ಕ್ಯಾಮೆರಾನ ಅಲಗಾಡಸ್ಲಿಲ್ಲ."

ಅವಳು ಕುರ್ಚಿ ಎಳೆದು ಅವನ ಎದುರಿಗೇ ಕೂತಳು.

"ಹಂಗಾದ್ರ ಈಗ ಮೇಜು ನೋಡೂದ ಬಿಟ್ಟ ನನ್ನ ನೋಡ್ರಿ."

"ಎಷ್ಟೊತ್ತು?"

"ನಾ ಸಾಕ್ ಅನ್ನೋತನ."

ಅವನು ನೋಡಿದ. ಅವಳು ಸಾಕು ಅನ್ನಲಿಲ್ಲ.