ಈಗಷ್ಟೇ ಎದ್ದು ಹೋದವಳು

"ಮಾಮಾ, ಇದ್ರಲ್ಲಿ ನಾನೆಲ್ಲಿ?"

ಮೇಜಿನ ಮೇಲೆ ಒಣಗಲು ಇಟ್ಟಿದ್ದ ದೊಡ್ಡ ಫೋಟೋವನ್ನು ಚಿನಕುರಳಿ ಬಗ್ಗಿ ಬಗ್ಗಿ ನೋಡಿದಳು. ಕಿಟಕಿ ಇದೆ. ಮರದ ಕುರ್ಚಿ ಇದೆ. ಕುರ್ಚಿಯ ಕೆಳಗೆ ಒಂದು ಚಪ್ಪಲಿ ಬೋರಲು ಬಿದ್ದಿದೆ. ಅವಳು ಮಾತ್ರ ಇಲ್ಲ.

ಮುಟ್ಟಬೇಡ, ಇಂಕ್ ಇನ್ನೂ ಹಸಿ ಎಂದ ಮಾಮ. ಅವನ ಎರಡೂ ಕೈಗೆ ಬಿಳಿ ಗ್ಲೌಸ್ ಇತ್ತು.

ಮಾಮ ಎಂದರೆ ಅಮ್ಮನ ತಮ್ಮ, ಫೋಟೋಗ್ರಾಫರ್. ಎಲ್ಲರೂ ಫೋಟೋವನ್ನು ಫೋನಿನಲ್ಲಿ ನೋಡಿ ಮುಗಿಸಿದರೆ, ಅವನು ಹತ್ತಿಯಿಂದ ಮಾಡಿದ ದಪ್ಪ ಕಾಗದದ ಮೇಲೆ ಅದನ್ನು ಪ್ರಿಂಟ್ ಮಾಡುತ್ತಾನೆ. ಕಪ್ಪು ಜಾಸ್ತಿಯಾಯಿತು ಎಂದು ಮತ್ತೆ ಮಾಡುತ್ತಾನೆ. ನೆರಳು ಸತ್ತುಹೋಯಿತು ಎಂದು ಇನ್ನೊಮ್ಮೆ ಮಾಡುತ್ತಾನೆ. ಊಟ ತಣ್ಣಗಾಯಿತು ಎಂದು ಅಮ್ಮ ಕೂಗಿದರೂ ಆ ಕೋಣೆಯಿಂದ ಅಲುಗುವ ಆಸಾಮಿಯಲ್ಲ. ಈ ವರ್ಷ ಅವನ ಪ್ರಿಂಟುಗಳಿಗೆ ದೊಡ್ಡ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಬಂದಿತ್ತು. ನಾಳೆಯಿಂದ ಪ್ರದರ್ಶನ.

ಚಳಿಗಾಲದ ಒಂದು ಬೆಳಿಗ್ಗೆ ಮಾಮ ಅವಳನ್ನು ಇದೇ ಕುರ್ಚಿಯಲ್ಲಿ ಕೂರಿಸಿ ಕ್ಲಿಕ್ ಕ್ಲಿಕ್ ಎಂದು ಫೋಟೋ ತೆಗೆದಿದ್ದ. ಆ ಕಿಟಕಿಯ ಫೋಟೋಗೂ ಬಹುಮಾನ ಬಂತು ಎಂದು ಕೇಳಿದ್ದೇ ತಡ, ಚಿನಕುರಳಿ ತರಗತಿಯಲ್ಲಿ ಡಂಗುರ ಸಾರಿಬಿಟ್ಟಿದ್ದಳು. ಪಕ್ಕದಲ್ಲಿ ಕೂರುವ ಲಂಬು ಮಾತ್ರ ನಂಬಲಿಲ್ಲ. ಫೋಟೋದಲ್ಲಿ ಅವಳು ಇಲ್ಲದಿದ್ದರೆ ಬೆಂಚಿನ ಕಿಟಕಿ ಬದಿಯ ಜಾಗ ವರ್ಷಪೂರ್ತಿ ತನಗೆ ಎಂದು ಬೆಟ್ ಕಟ್ಟಿದ. ಇವಳು ಹಿಂದೆ ಮುಂದೆ ನೋಡದೆ ಒಪ್ಪಿಕೊಂಡಳು. ನಾಳೆ ಟೀಚರ್ ಇಡೀ ತರಗತಿಯನ್ನೇ ಪ್ರದರ್ಶನಕ್ಕೆ ಕರೆದುಕೊಂಡು ಹೋಗುವವರಿದ್ದರು.

"ನಾನಿರೋ ಫೋಟೋ ಹಾಕು ಮಾಮಾ. ಪ್ಲೀಸ್."

ಮಾಮ ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದ. ಚಿನಕುರಳಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಹಲ್ಲೆಲ್ಲ ತೋರಿಸಿ ನಗುತ್ತಿದ್ದಳು. ಅವಳಿಗೆ ಭಾರಿ ಇಷ್ಟವಾಯಿತು.

"ಇದನ್ನ ಜನ ಎಷ್ಟು ಹೊತ್ತು ನೋಡ್ತಾರೆ ಹೇಳು? ಮುದ್ದಾಗಿದೆ ಮಗು ಅಂತಾರೆ, ಮುಂದೆ ಹೋಗ್ತಾರೆ. ಖಾಲಿ ಕುರ್ಚಿ ನೋಡಿದ್ರೆ ಇಲ್ಲಿ ಯಾರಿದ್ರು, ಎಂಥವರು ಅಂತ ಹುಡುಕ್ತಾ ನಿಲ್ತಾರೆ."

ಅವನ ಎಲ್ಲ ಫೋಟೋಗಳೂ ಹಾಗೆಯೇ. ಟೈಲರ್ ಊಟಕ್ಕೆ ಎದ್ದು ಹೋದ ಮೇಲಿನ ಸ್ಟೂಲು, ಸುತ್ತ ಬಣ್ಣಬಣ್ಣದ ದಾರದ ತುಂಡುಗಳು. ಬಸ್ ಡ್ರೈವರನ ಸೀಟು, ಅದರ ಬೆನ್ನಿಗೆ ಒರಗಿದ ಪುಟ್ಟ ದಿಂಬು. ಮನುಷ್ಯರು ಏಳುವವರೆಗೆ ಮಾಮ ಕ್ಯಾಮೆರಾ ಹಿಡಿದು ಕಾಯುತ್ತಾನೆ. ಎದ್ದ ಮೇಲೆ ಒಂದು ಕಡ್ಡಿಯನ್ನೂ ಅತ್ತಿತ್ತ ಸರಿಸುವುದಿಲ್ಲ.

ಇದರಿಂದ ಮನೆಯಲ್ಲಿ ಆಗಾಗ ಜಗಳ. ಅಮ್ಮನಿಗೆ ಒಪ್ಪ ಓರಣದ ಹುಚ್ಚು. ಎದ್ದವರು ಕುರ್ಚಿಯನ್ನು ಮೇಜಿನೊಳಗೆ ತಳ್ಳಿಯೇ ಹೋಗಬೇಕು ಎಂಬುದು ಅವಳ ಕಾನೂನು. ಒಮ್ಮೆ ಅಜ್ಜಿ ಸೋಫಾದಿಂದ ಎದ್ದಾಗ ಮಾಮ ಕ್ಯಾಮೆರಾ ತರಲು ಓಡಿದ್ದ. ಬರುವಷ್ಟರಲ್ಲಿ ಅಮ್ಮ ದಿಂಬು ತಟ್ಟಿ, ಶಾಲು ಮಡಚಿ ಆಗಿತ್ತು. ನನ್ನ ಫೋಟೋನೇ ಮಡಚಿಟ್ಟುಬಿಟ್ಟೆಯಲ್ಲ ಅಕ್ಕಾ ಎಂದು ಅವನು ತಲೆ ಚಚ್ಚಿಕೊಂಡ. ಬಹುಮಾನ ಬಂದಾಗಲೂ ಅಮ್ಮ, ಗುಡಿಸದ ಮನೆಗೂ ಪ್ರೈಜ್ ಕೊಡ್ತಾರೆ ಅಂತ ಈಗ ಗೊತ್ತಾಯ್ತು ಎಂದು ನಕ್ಕಿದ್ದಳು.

ಚಿನಕುರಳಿಗೆ ಈಗ ನಗು ಬರಲಿಲ್ಲ. ಮುಖ ಊದಿಸಿಕೊಂಡು ಕೋಣೆಯಿಂದ ಹೊರಗೆ ಹೋದಳು. ಖಾಲಿ ಕುರ್ಚಿಯ ಕಡೆಗೆ ತಿರುಗಿಯೂ ನೋಡಲಿಲ್ಲ.

ಮರುದಿನ ಪ್ರದರ್ಶನದಲ್ಲಿ ಅವಳು ಸಾಲಿನ ಕೊನೆಯಲ್ಲಿ ನಿಂತಳು. ಗೋಡೆಗಳೆಲ್ಲ ಬಿಳಿ, ಪ್ರತಿ ಪ್ರಿಂಟಿಗೂ ಒಂದೊಂದು ದೀಪ. ಬಾಗಿಲಲ್ಲಿ 'ಈಗಷ್ಟೇ ಎದ್ದವರು' ಎಂದು ಬರೆದಿತ್ತು. ಲಂಬು ಉದ್ದ ಕಾಲು ಹಾಕುತ್ತಾ ಎಲ್ಲರಿಗಿಂತ ಮೊದಲು ಕಿಟಕಿಯ ಫೋಟೋ ಮುಂದೆ ಹೋಗಿ ನಿಂತ.

"ಎಲ್ಲಿದ್ದೀಯೇ ನೀನು? ಕುರ್ಚಿ ಹಿಂದೆ ಬಚ್ಚಿಟ್ಕೊಂಡಿದ್ದೀಯಾ?"

ಎಲ್ಲರೂ ಕಿಸಕ್ಕನೆ ನಕ್ಕರು. ಚಿನಕುರಳಿಯ ಕಿವಿ ಬಿಸಿಯಾಯಿತು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು.

ಲಂಬು ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ಏನೋ ಕಣ್ಣಿಗೆ ಬಿತ್ತು. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದ.

"ಒಂದೇ ಚಪ್ಪಲಿ," ಎಂದ. "ಏ, ಇದು ಆವತ್ತಿಂದು. ನಾನು ಕೆಳಗಿಂದ ಆಟಕ್ಕೆ ಕರೆದೆ ಅಲ್ವಾ? ನೀನು ಒಂದೇ ಕಾಲಿಗೆ ಚಪ್ಪಲಿ ಹಾಕ್ಕೊಂಡು ಓಡಿ ಬಂದೆ. ಇನ್ನೊಂದು ಇಲ್ಲೇ ಇದೆ ನೋಡು."

ಎಲ್ಲರೂ ಮುಗಿಬಿದ್ದರು. ಕಿಟಕಿಯ ಕಟ್ಟೆಯ ಮೇಲಿದ್ದ ಪೆನ್ಸಿಲಿನ ತುದಿಯಲ್ಲಿ ಹಲ್ಲಿನ ಗುರುತು ಕಂಡ ಒಬ್ಬಳು, ಪೆನ್ಸಿಲ್ ತಿನ್ನುವವಳು ನಮ್ಮ ಕ್ಲಾಸಿನಲ್ಲಿ ಒಬ್ಬಳೇ ಎಂದಳು. ಕುರ್ಚಿ ಬಾಗಿಲ ಕಡೆಗೆ ಅರ್ಧ ತಿರುಗಿದೆ, ಬೆಲ್ ಹೊಡೆಯುವ ಮೊದಲೇ ಇವಳು ಹೀಗೇ ಬಾಗಿಲ ಕಡೆ ತಿರುಗಿ ಕೂರುತ್ತಾಳೆ ಎಂದ ಇನ್ನೊಬ್ಬ. ಟೀಚರ್ ಶ್ ಎಂದರು. ಆಮೇಲೆ ಅವರೂ ಬಗ್ಗಿ ನೋಡಿದರು.

ಚಿನಕುರಳಿ ನಿಧಾನವಾಗಿ ಹತ್ತಿರ ಹೋದಳು. ನಿನ್ನೆ ಅವಳು ತನ್ನ ಮುಖವನ್ನಷ್ಟೇ ಹುಡುಕಿದ್ದಳು. ಈಗ ಕಿಟಕಿಯ ಗಾಜು ಕಂಡಿತು. ಆ ಚಳಿಯಲ್ಲಿ ಅವಳು ಹಾ ಎಂದು ಉಸಿರು ಬಿಟ್ಟು, ಮಂಜು ಕವಿದ ಜಾಗದಲ್ಲಿ ಬೆರಳಿನಿಂದ ಎರಡು ಕಣ್ಣು, ಒಂದು ಬಾಯಿ ಬರೆದಿದ್ದಳು. ಒಂದು ಕಣ್ಣು ಆಗಲೇ ಅಳಿಸಿಹೋಗುತ್ತಿತ್ತು. ಬಾಯಿ ಇನ್ನೂ ನಗುತ್ತಿತ್ತು.

ಅವಳ ಉಸಿರು ಕೂಡ ಫೋಟೋದಲ್ಲಿತ್ತು. ಅವಳಿಗೆ ಮೈ ಜುಮ್ಮೆಂದಿತು, ಖುಷಿಯೂ ಆಯಿತು.

ಬೆಟ್ ಗೆದ್ದವರು ಯಾರು ಎಂದು ಬಸ್ಸಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮುಖ ಇಲ್ಲದ್ದರಿಂದ ಅವಳು ಅರ್ಧ ಮಾತ್ರ ಗೆದ್ದಂತೆ ಎಂದು ಲಂಬು ವಾದಿಸಿದ. ಕೊನೆಗೆ ಕಿಟಕಿ ಬದಿಯ ಜಾಗ ಒಂದು ದಿನ ಅವಳಿಗೆ, ಒಂದು ದಿನ ಅವನಿಗೆ ಎಂದಾಯಿತು.

ರಾತ್ರಿ ಊಟದ ನಡುವೆ ಫೋನ್ ರಿಂಗಾಗಿ ಅಮ್ಮ ಎದ್ದು ಹೋದಳು. ಅವಸರದಲ್ಲಿ ತನ್ನ ಕಾನೂನನ್ನು ತಾನೇ ಮರೆತಳು. ಚಿನಕುರಳಿ ಅಭ್ಯಾಸದಂತೆ ಎದ್ದು ಅಮ್ಮನ ಕುರ್ಚಿ ತಳ್ಳಲು ಕೈಯಿಟ್ಟವಳು ಹಾಗೆಯೇ ನಿಂತಳು.

ಅಜ್ಜಿಯ ಕುರ್ಚಿ, ಮಾಮನ ಕುರ್ಚಿ ಎರಡೂ ನೇರವಾಗಿ ಮೇಜಿನ ಕಡೆಗಿದ್ದವು. ಅಮ್ಮನದು ಮಾತ್ರ ವಾರೆಯಾಗಿತ್ತು. ಚಿನಕುರಳಿ ಅದರಲ್ಲಿ ಕೂತು ನೋಡಿದಳು. ಅಮ್ಮ ಕೂತಿದ್ದು ತನ್ನ ತಟ್ಟೆಯ ಕಡೆಗಲ್ಲ. ಅಲ್ಲಿಂದ ಚಿನಕುರಳಿಯ ಜಾಗ, ಅವಳು ಅರ್ಧ ಉಂಡು ಬಿಟ್ಟ ತಟ್ಟೆ, ಬದಿಗೆ ತಳ್ಳಿದ ತರಕಾರಿ ಎಲ್ಲ ನೇರ ಕಾಣುತ್ತಿತ್ತು.

ಅವಳು ಮೆಲ್ಲಗೆ ಎದ್ದು ತನ್ನ ಜಾಗಕ್ಕೆ ಬಂದಳು. ಬದಿಗೆ ತಳ್ಳಿದ್ದನ್ನು ಹತ್ತಿರ ಎಳೆದುಕೊಂಡು ತಿನ್ನತೊಡಗಿದಳು.

ಅಮ್ಮ ಫೋನ್ ಇಟ್ಟು ಬಂದವಳೇ ಕುರ್ಚಿ ನೋಡಿ, ಇದೇನು ಹೀಗೆ ಅಡ್ಡ ನಿಂತಿದೆ ಎಂದು ಸರಿ ಮಾಡಲು ಹೋದಳು.

"ಇರಲಿ ಬಿಡಮ್ಮಾ," ಎಂದಳು ಚಿನಕುರಳಿ. "ಅದು ಸರಿಯಾಗೇ ಇದೆ."