ಮೂವತ್ತೊಂದು ಸಿವಿಲ್ ಐಡಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಕಾಲೇಜಿನ ಗೇಟು ಕಾಯುವವನು. ಕತೆ ಹೇಳಲು ಹೊರಟದ್ದೇ ಹೆಚ್ಚು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಕೊಲ್ಲಿ ನಾಡಿನ ಅಬು ಹಲೀಫಾದಲ್ಲಿ ಒಂದು ಕಟ್ಟಡ. ನಾಲ್ಕನೇ ಮಹಡಿ. ನನ್ನ ಕಂಕುಳಲ್ಲಿ ಪ್ಲಾಸ್ಟಿಕ್ ಕವರ್. ಬಾಗಿಲ ಬಳಿ ಇಬ್ಬರು ದಾಂಡಿಗರು.

"ಎಂತ ಮಲಕಾಜಪ್ಪನವರೇ ಇದು? ಕವರ್ ಟೇಬಲ್ ಮೇಲೆ ಇಡಿ," ಎಂದ ಲಿಗೋರಿ. ಕುರ್ಚಿಯಿಂದ ಏಳಲೂ ಇಲ್ಲ.

"ಇವು ನಿಮ್ಮವಲ್ರೀ."

"ನಿಮ್ಮದೂ ಅಲ್ಲ ಅಲ್ವಾ?"

ಅದೂ ನಿಜ...

ಕವರಿನಲ್ಲಿದ್ದದ್ದು ಮೂವತ್ತೊಂದು ಸಿವಿಲ್ ಐಡಿ, ಅಂದರೆ ಇಲ್ಲಿನ ಸರ್ಕಾರಿ ಗುರುತಿನ ಕಾರ್ಡು.

ಇದು 2009ರ ಮಾತು. ಅಹ್ಮದಿಯ ನಮ್ಮ ಕಾಲೇಜಿನಲ್ಲಿ ಅಂದು ವಿದ್ಯಾರ್ಥಿ ಸಂಘದ ಚುನಾವಣೆ. ಹಗಲು ತರಗತಿಯವರ ಅಭ್ಯರ್ಥಿ ಜೋಯಲ್. ಸಂಜೆಯವರ ಅಭ್ಯರ್ಥಿ ಫಿಯೋನಾ, ಹಗಲು ಕ್ಲಿನಿಕ್ಕಿನಲ್ಲಿ ದುಡಿಯುವ ಹುಡುಗಿ. ಗೆದ್ದವರಿಗೆ ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿ, ಒಂದು ಮತ. ಮಂಡಳಿಯ ಮುಂದಿದ್ದ ಪ್ರಶ್ನೆ: ಸಂಜೆ ತರಗತಿ ಮುಚ್ಚಬೇಕೋ, ಬೇಡವೋ? ಮಂಡಳಿ ಸರಿಯಾಗಿ ಎರಡು ಪಾಲಾಗಿತ್ತು. ಜೋಯಲ್‌ಗೆ ನಮ್ಮ ಕೋಣೆಗಳು ಹಗಲಿನವರ ಕ್ಲಬ್ಬಿಗೆ ಬೇಕಿದ್ದವು.

ನಾನೂ ಸಂಜೆಯವನೇ. ಹಗಲು ಗೇಟು, ಸಂಜೆ ಡಿಪ್ಲೊಮಾ. ವಯಸ್ಸು ನಲವತ್ತಾರು.

ನಿಯಮ ಸರಳ. ಪಟ್ಟಿಯಲ್ಲಿ ಹೆಸರಿರಬೇಕು, ಕೈಯಲ್ಲಿ ಅಸಲಿ ಸಿವಿಲ್ ಐಡಿ ಇರಬೇಕು. ಜೆರಾಕ್ಸ್ ನಡೆಯದು. ಏಳಕ್ಕೆ ಗೇಟು ಬಂದ್. ಗೇಟಿನಲ್ಲಿ ಇದನ್ನು ಜಾರಿಗೆ ತಂದವನು ನಾನೇ.

ಐದು ಗಂಟೆಗೆ ಫಿಯೋನಾಳ ಫೋನು.

"ಅಂಕಲ್, ಮಹಬೂಲಾದಲ್ಲಿರೋ ನಮ್ಮ ಕ್ಲಾಸಿನ ಮೂವತ್ತೊಂದು ಜನರ ಐಡಿ ಅವರ ಕಂಪನಿಯ ಲಿಗೋರಿ ಬೆಳಿಗ್ಗೆ ತಗೊಂಡು ಹೋಗಿದ್ದಾರೆ. ರಿನ್ಯೂವಲ್ ಅಂತೆ."

"ಎಲ್ಲಾರ್ದೂ ಇವತ್ತ ಏನವಾ?"

"ಅವರು ಜೋಯಲ್‌ನ ಸೋದರಮಾವ, ಅಂಕಲ್."

ನನ್ನ ಮತ ಬಂದು ಹಾಕಿದರಾಯಿತೆಂದು ಗೇಟನ್ನು ಅನಂತರಾಮುವಿಗೆ ಒಪ್ಪಿಸಿ ಕಾರು ಹತ್ತಿದೆ. ನನ್ನ ಕೈಕೆಳಗೆ ತಯಾರಾದವನು ಅವನು.

ಲಿಗೋರಿಯ ಕಟ್ಟಡದ ಕೆಳಗೆ ವಾಚ್‌ಮನ್ ಶರೀಫ್ ಅಡ್ಡ ಬಂದ. "ಭಾಯಿ, ಕಾರ್ಡ್ ಇಟ್ಟು ಹೋಗಿ. ಇಳಿಯುವಾಗ ತಗೊಳ್ಳಿ."

ಕೊಟ್ಟೆ. ಇಲ್ಲಿ ಎಲ್ಲ ಕಡೆ ಇದೇ ಪದ್ಧತಿ. ನಾನೂ ದಿನವಿಡೀ ಬಂದವರ ಕಾರ್ಡು ಹೀಗೇ ಇರಿಸಿಕೊಳ್ಳುತ್ತೇನೆ.

ಮೇಲೆ ಹೋದೆ. ಕವರ್ ಮೇಜಿನ ಮೇಲೇ ಇತ್ತು. ಎತ್ತಿಕೊಂಡೆ. ಆಗ ಬಾಗಿಲಿಗೆ ಅಡ್ಡ ನಿಂತವರೇ ಆ ಇಬ್ಬರು.

"ನಿಮಗೆ ವೀಸಾ ಕೊಟ್ಟ ಕಫೀಲ್ ನನಗೆ ಗುರ್ತ ಉಂಟು," ಎಂದ ಲಿಗೋರಿ. "ಒಂದು ಫೋನ್ ಮಾಡಿದ್ರೆ ಸಾಕು. ನಿಮ್ಮ ಇಕಾಮಾ ಖಲಾಸ್, ಸೀದಾ ಊರಿಗೆ."

"ಹಚ್ರೀ ಫೋನು. ಈ ಐಡಿ ಇವತ್ತ ಯಾಕ ಬೇಕಾದ್ವು ಅಂತ ಅವರಿಗೂ ಹೇಳ್ರೀ."

ಮಾತು ಗಟ್ಟಿಯಾಗಿತ್ತು. ಕಂಕುಳ ಕವರ್ ಬಿಗಿಯಾಗಿ ಒತ್ತಿಕೊಂಡೆ.

ಅವನು ಫೋನಿಗೆ ಕೈ ಹಾಕಿದ. ಇಬ್ಬರೂ ಅತ್ತ ತಿರುಗಿದರು. ನಾನು ನುಗ್ಗಿದೆ!

ಒಬ್ಬನ ಕೈಗೆ ನನ್ನ ಕಾಲರ್ ಸಿಕ್ಕಿತು. ಅಂಗಿ ಹರಿಯಿತು. ಒಂದೊಂದು ನೆಗೆತಕ್ಕೆ ಮೂರು ಮೆಟ್ಟಿಲು... ಹಿಂಬಾಗಿಲು... ಪಾರ್ಕಿಂಗ್... ಕಾರು.

ಹೈವೇಗೆ ಬಿದ್ದಾಗ ಕನ್ನಡಿಯಲ್ಲಿ ಬಿಳಿ ಜೀಪು ಕಾಣಿಸಿತು.

ನೂರಿಪ್ಪತ್ತು. ನೂರನಲವತ್ತು. ಸ್ಪೀಡ್ ಕ್ಯಾಮೆರಾ ಕಂಡಲ್ಲೆಲ್ಲ ಬ್ರೇಕ್ ಒತ್ತಿದೆ.

ಹಿಂದಿನವರೂ ಒತ್ತಿದರು. ದಂಡದ ಭಯ ಎಲ್ಲರಿಗೂ ಒಂದೇ.

ಅಹ್ಮದಿಯ ತಿರುವಿನಲ್ಲಿ ಒಂದು ಟ್ಯಾಂಕರ್ ನಿಧಾನವಾಗಿ ಅಡ್ಡ ಬಂತು. ನಾನು ಮೊದಲು ನುಸುಳಿದೆ. ಜೀಪು ಅದರ ಹಿಂದೆ ಸಿಕ್ಕಿಬಿತ್ತು.

ಆರು ಐವತ್ತು. ಗೇಟಿನ ಹೊರಗೆ ಬಸ್ಸು ನಿಂತಿತ್ತು. ಪಕ್ಕದಲ್ಲಿ ಫಿಯೋನಾ.

"ಸಿಕ್ತಾ ಅಂಕಲ್?"

"ಹೆಸರು ಕೂಗವಾ. ಯಲ್ಲಾ!"

ಅವಳು ಕೂಗುತ್ತ ಹೋದಳು. ಕೆಲಸದ ಬಟ್ಟೆಯಲ್ಲೇ ಬಂದಿದ್ದರು. ಕಾರ್ಡು ಹಿಡಿದು ಒಬ್ಬೊಬ್ಬರೇ ಒಳಗೆ ಓಡಿದರು. ಮೂವತ್ತೊಂದೂ ಮುಗಿದವು. ಫಿಯೋನಾ ಅವರ ಹಿಂದೆಯೇ ಒಳಗೆ ಹೋದಳು. ಆರು ಐವತ್ತೆಂಟು.

ನಾನು ಕೊನೆಯವನು.

"ಕಾರ್ಡು, ಸರ್," ಎಂದ ಅನಂತರಾಮು.

ಜೇಬಿಗೆ ಕೈ ಹಾಕಿದೆ. ಕಾರ್ಡಿರಲಿಲ್ಲ. ಅದು ಶರೀಫನ ಡ್ರಾಯರಿನಲ್ಲಿತ್ತು.

"ಅನಂತರಾಮು, ನಾನ ಅದೀನಲ್ಲೋ."

"ಗೊತ್ತು ಸರ್. ಅಪ್ಪ ಬಂದ್ರೂ ಕಾರ್ಡ್ ಇಲ್ದೆ ಬಿಡಬೇಡ ಅಂತ ನೀವೇ ಹೇಳಿದ್ದು."

ತಳ್ಳಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಏಳಾಯಿತು. ನನ್ನ ಮುಖದ ಮುಂದೆಯೇ ಅವನು ನನ್ನ ಗೇಟು ಹಾಕಿದ.

ಎಣಿಕೆ ಎಂಟಕ್ಕೆ ಮುಗಿಯಿತು. ಜೋಯಲ್ 214. ಫಿಯೋನಾ 214.

ಪ್ರಿನ್ಸಿಪಾಲರು ಎರಡು ಚೀಟಿ ಬರೆದು ಕಪ್ಪಿನಲ್ಲಿ ಹಾಕಿ ಒಂದನ್ನು ಎತ್ತಿದರು.

ಜೋಯಲ್.

ಫಿಯೋನಾ ಗೇಟಿನವರೆಗೆ ನಡೆದು ಬಂದಳು. ನನ್ನ ಹರಿದ ಅಂಗಿ ನೋಡಿದಳು. "ಅಂಕಲ್, ನಿಮ್ಮ ವೋಟು ಲೆಕ್ಕ ಆಯ್ತಲ್ಲ?"

ನಾನು ಗೇಟಿನ ಬೀಗ ನೋಡುತ್ತ ನಿಂತೆ.

ಮರುದಿನ ಲಿಗೋರಿ ಗೇಟಿಗೆ ಬಂದ. ಮತ ಹಾಕಿದವರು ರಿನ್ಯೂವಲ್‌ಗೆಂದು ನನ್ನ ಬಳಿ ಬಿಟ್ಟಿದ್ದ ಮೂವತ್ತೊಂದು ಐಡಿ ವಾಪಸ್ ಪಡೆದ. ನನ್ನದನ್ನು ಕೈಗಿಟ್ಟ.

"ಬಿಟ್ಟು ಹೋಗಿದ್ರಿ ಮಾರಾಯ್ರೆ. ಆ ಐಡಿಗಳ ಡೇಟ್ ನೋಡಿದ್ರಾ? ಎಲ್ಲದ್ದೂ ಈ ತಿಂಗಳೇ ಮುಗಿಯುದು."

ನೋಡಿರಲಿಲ್ಲ.

"ಹಂಗಾದ್ರ ಆ ಇಬ್ಬರು ಯಾಕ ಬೆನ್ನು ಹತ್ತಿದ್ರು?"

"ಕಂಪನಿಯವರ ಐಡಿ ಹೊತ್ತುಕೊಂಡು ಓಡಿದವರಿಗೆ ಚಾ ಕೊಡ್ಲಿಕ್ಕುಂಟಾ?"

ಅವನು ಸಂಚು ಮಾಡಿದ್ದನೋ, ತನ್ನ ಕೆಲಸ ಮಾಡಿದ್ದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ. ನನ್ನ ಕಾರ್ಡಿಗೆ ಇನ್ನೂ ಎರಡು ವರ್ಷ ಅವಧಿ ಇತ್ತು.

ಸಂಜೆ ತರಗತಿಗೆ ಉಳಿದದ್ದು ಎರಡೇ ತಿಂಗಳು.